ಸರಾಸರಿ ಹದಿನೆಂಟು ಸಾವಿರ

ಗುರುಬಸವ್ವ ಕೇಳಿದ್ದು ಕಷ್ಟದ ಪ್ರಶ್ನೆಯೇನಲ್ಲ. ಅವಳ ಮಗಳು ನಂದಾ ನಮ್ಮ ಕಾಲೇಜಿನಲ್ಲಿ ಎರಡು ವರ್ಷ ಎಲೆಕ್ಟ್ರಿಷಿಯನ್ ಕೋರ್ಸು ಕಲಿತರೆ, ಆಮೇಲಿನ ದುಡಿಮೆಯಲ್ಲಿ ಫೀಸಿಗಾಗಿ ಮಾಡಿದ ಸಾಲ ತೀರುತ್ತದೆಯೇ ಇಲ್ಲವೇ, ಅಷ್ಟೇ.

ಪ್ರಿನ್ಸಿಪಾಲರಾದ ನಂದಕಿಶೋರ ಸರ್ ಕುರ್ಚಿಯಿಂದ ಏಳದೆಯೇ ಗೋಡೆಯ ಮೇಲಿನ ಫ್ಲೆಕ್ಸ್ ತೋರಿಸಿದರು. ‘ನಮ್ಮಲ್ಲಿ ಕಲಿತವರ ಸರಾಸರಿ ಗಳಿಕೆ ತಿಂಗಳಿಗೆ ಹದಿನೆಂಟು ಸಾವಿರ’ ಎಂದು ಅದರಲ್ಲಿ ಕೆಂಪು ಅಕ್ಷರದಲ್ಲಿತ್ತು.

ಗುರುಬಸವ್ವ ಓದಲಿಲ್ಲ. ಮಗಳು ಓದಿ ಹೇಳಿದ್ದನ್ನು ಕೇಳಿಸಿಕೊಂಡಳು. “ಸರ್ ಹೇಳೂದು ಹೇಳಿದ್ರು. ಅಂಗಡಿ ಇಟ್ಟವ್ರು ಹೇಳಬೇಕಲ್ಲ. ಈ ಲೆಕ್ಕಾ ಬರದವ್ರು ಯಾರು?”

“ಈಕಿ. ಶರ್ವರಿ,” ಸರ್ ನನ್ನನ್ನು ತೋರಿಸಿದರು. “ಹಿಂದಿನ ಬ್ಯಾಚಿನವ್ರಿಗೆಲ್ಲಾ ಮಾರ್ಚ್ ತಿಂಗಳದಾಗ ಫೋನ್ ಹಚ್ಚಿ ಕೇಳಿ ಬರದಾಳ. ಒಬ್ಬರನ್ನೂ ಬಿಟ್ಟಿಲ್ಲ.”

ಅದು ನಿಜ. ಆ ಕೆಲಸದ ಬಗ್ಗೆ ನನಗೆ ಸ್ವಲ್ಪ ಹೆಮ್ಮೆಯೂ ಇತ್ತು. ಗುರುಬಸವ್ವ ನನ್ನ ಮೇಜಿನ ಮುಂದೆ ಬಂದು ಕೂತಳು. ಬಬಲೇಶ್ವರದಲ್ಲಿ ಅವಳದು ಖಡಕ್ ರೊಟ್ಟಿಯ ವ್ಯಾಪಾರ. ವಿಜಯಪುರದ ಗಾಂಧಿ ಚೌಕದ ಸುತ್ತಲಿನ ಖಾನಾವಳಿಗಳಿಗೆ ದಿನಾ ಬೆಳಗಿನ ಬಸ್ಸಿಗೆ ರೊಟ್ಟಿಯ ಬುಟ್ಟಿ ಕಳಿಸುತ್ತಾಳೆ. ಅವಳ ಮಹಿಳಾ ಸಂಘದಲ್ಲಿ ದೊಡ್ಡ ಸಾಲ ಎಲ್ಲರಿಗೂ ಒಮ್ಮೆಗೇ ಸಿಗುವುದಿಲ್ಲ, ಪಾಳಿಯ ಮೇಲೆ ಒಬ್ಬೊಬ್ಬರಿಗೆ. ಈ ಸಲ ಅವಳ ಪಾಳಿ. ಆ ಹಣದಲ್ಲಿ ರೊಟ್ಟಿ ಬಡಿಯುವ ಮಷಿನ್ ತರಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದಳು. ಈಗ ಮಗಳು ಕೋರ್ಸಿಗೆ ಹಟ ಹಿಡಿದಿದ್ದಾಳೆ. ಇದ್ದದ್ದು ಒಂದೇ ಸಾಲ. ಮಷಿನ್ ಇಲ್ಲವೇ ಫೀಸು.

“ಐತ್ವಾರ ಸಂಘ ಕೂಡತೈತಿ. ಯಾತಕ್ಕ ಸಾಲ ಅಂತ ಅಲ್ಲೆ ಹೇಳಬೇಕು,” ಅಂದಳು. “ನೀ ಬರದಾಕಿ, ನಿನಗ ಒಳಗಿಂದು ಗೊತ್ತಿರತೈತಿ. ನೀ ಹಾಕು ಅಂದ್ರ ಹಾಕ್ತೀನಿ ತಂಗಿ. ಬ್ಯಾಡ ಅಂದ್ರ ಮಷಿನ್ ತರ್ತೀನಿ.”

“ಮಷಿನ್ ಕೆಟ್ಟು ಕುಂತ್ರ ರಿಪೇರಿ ಯಾರ ಮಾಡ್ತಾರ ಬೇ?” ಹಿಂದೆ ನಿಂತಿದ್ದ ನಂದಾ ಕೇಳಿದಳು.

“ನಿನ್ನ ಬಾಯಿ ರಿಪೇರಿ ಮಾಡವ್ರನ್ನ ಮದಲ ಹುಡುಕ್ತೀನಿ, ಸುಮ್ನಿರು,” ಅಂದು ಗುರುಬಸವ್ವ ಎದ್ದಳು.

ಅವರು ಹೋದ ಮೇಲೆ ನನಗೆ ಕೂತಲ್ಲಿ ಕೂರಲಾಗಲಿಲ್ಲ. ನಾನು ಕೇಳಿ ಬರೆದದ್ದು ಗಳಿಕೆಯನ್ನು ಮಾತ್ರ. ಸಾಲ ಎಷ್ಟು ಉಳಿದಿದೆ ಎಂದು ಯಾರನ್ನೂ ಕೇಳಿರಲಿಲ್ಲ. ಸರ್ ಕೇಳು ಅಂದಿರಲಿಲ್ಲ, ನನಗೂ ಹೊಳೆದಿರಲಿಲ್ಲ. ಇಬ್ಬರು ಮೂವರನ್ನಾದರೂ ಕೇಳಿದರೆ ಗುರುಬಸವ್ವನಿಗೆ ಸರಿಯಾದ ಉತ್ತರ ಕೊಡಬಹುದು ಅಂದುಕೊಂಡೆ. ನಮ್ಮ ಪಟ್ಟಿಯಲ್ಲಿ ಎಲ್ಲರಿಗಿಂತ ಹೆಚ್ಚು ಗಳಿಸುವವನು ತಿಕೋಟಾದ ಸಿದ್ದಲಿಂಗೇಶ, ಇಪ್ಪತ್ತೆಂಟು ಸಾವಿರ. ಅವನ ಮನೆಗೇ ಮೊದಲು ಫೋನ್ ಹಚ್ಚಿದೆ. ಗಂಡಸೊಬ್ಬರು ಎತ್ತಿದರು. ಅವನ ತಂದೆ ಶಿವಯೋಗೆಪ್ಪ.

“ನಿಮ್ಮ ಮಗನ ದುಡಿಮೆ ಎಷ್ಟರಿ ಈಗ? ಸಾಲ ಏನರ ಉಳದೈತೇನ್ರಿ?”

ಯಾರು ಅಂತಲೂ ಅವರು ಕೇಳಲಿಲ್ಲ. “ದುಡಿಮಿ ಎಲ್ಲಿದ್ರಿ ಬಾಯಾರ. ಎಂಟ ಸಾವಿರ. ಅದೂ ಒಂದ ತಿಂಗಳ ಬಂದ್ರ ಒಂದ ತಿಂಗಳ ಇಲ್ಲ,” ಅಂದರು. ಫೋನ್ ಇಟ್ಟರು.

ನಾನು ಇಪ್ಪತ್ತೆಂಟನ್ನು ನೋಡಿದೆ. ಕೈಬರಹ ನನ್ನದೇ. ಇಪ್ಪತ್ತೆಂಟರಿಂದ ಎಂಟಕ್ಕೆ ಇಳಿಯಬೇಕಾದರೆ ಅವನಿಗೆ ಏನೋ ಆಗಿರಬೇಕು. ಕೆಲಸ ಹೋಯಿತೇ, ಕೈಗೆ ಪೆಟ್ಟಾಯಿತೇ? ಇನ್ನಿಬ್ಬರ ಮನೆಗೆ ಹಚ್ಚಿದೆ. ಒಂದು ಕಡೆ ಮಾರ್ಚ್‌ನಲ್ಲಿ ಬರೆದುಕೊಂಡದ್ದಕ್ಕಿಂತ ಹೆಚ್ಚು ಹೇಳಿದರು, ಇನ್ನೊಂದು ಕಡೆ ಅರ್ಧ. ಶನಿವಾರ ಅರ್ಧ ದಿನ ರಜೆ ಹಾಕಿ ತಿಕೋಟಾದ ಬಸ್ಸು ಹತ್ತಿದೆ.

ಮನೆ ಹುಡುಕುವುದು ಕಷ್ಟವಾಗಲಿಲ್ಲ. ಸಿದ್ದಲಿಂಗೇಶನ ತಾಯಿ ಲಕ್ಕವ್ವ ಬಾಗಿಲಲ್ಲೇ ನನ್ನ ಮುಖ, ಚಪ್ಪಲಿ, ಬ್ಯಾಗು ಎಲ್ಲ ನೋಡಿ ಒಳಗೆ ಕರೆದಳು. ಕೇಳುವ ಮೊದಲೇ ಚುರುಮುರಿ ಸುಸಲಾ ಬಂತು, ಚಹಾ ಬಂತು. ಶಿವಯೋಗೆಪ್ಪ ಕಟ್ಟೆಯ ಮೇಲೆ ಕೂತು ಆ ಕಡೆ ಮುಖ ಮಾಡಿದ್ದರು.

“ಒಬ್ಬಾಕಿನ ಬಂದೀರೇನ್ರಿ? ಹಿರ್ಯಾರು ಯಾರೂ ಬರಲಿಲ್ಲ?” ಲಕ್ಕವ್ವ ಕೇಳಿದಳು.

“ಹಿರಿಯರು ಯಾಕ್ರಿ? ನಾ ಕಾಲೇಜಿನಿಂದ ಬಂದೀನಿ. ಮಾರ್ಚ್ ತಿಂಗಳದಾಗ ಫೋನ್ ಮಾಡಿದ್ದೆ.”

“ಹೌದ ಹೌದು, ನಿಮ್ಮ ದನಿ ಗೊತ್ತಾತು. ಆವಾಗ ಹೇಳಿದ್ನಲ್ಲಾ, ಇಪ್ಪತ್ತೆಂಟ ಸಾವಿರ. ಚಟಾ ಏನೂ ಇಲ್ಲ ನಮ್ಮ ಹುಡುಗಗ. ಚಹಾ ಸೈತ ದಿನಕ್ಕ ಒಮ್ಮೆ. ಹುಡುಗಿ ನಿಮಗ ಏನ್ ಆಗಬೇಕ್ರಿ? ತಂಗೇನು?”

ಚಹಾದ ಕಪ್ಪು ಕೆಳಗಿಟ್ಟೆ. “ಯಾವ ಹುಡುಗೀರಿ?”

“ಎಂಟ ಸಾವಿರ,” ಕಟ್ಟೆಯ ಮೇಲಿಂದ ಶಿವಯೋಗೆಪ್ಪ ಗೋಡೆಗೆ ಹೇಳಿದಂತೆ ಹೇಳಿದರು. “ಬ್ಯಾಂಕಿನವ್ರು ಮನಿತನಕ ಬಂದ್ರೂ ಎಂಟ. ಕಂತು ಹಂಗ ಬರತೈತಿ, ಹೋಗ್ರಿ.”

“ನಿಮಗ ಬುದ್ಧಿ ಐತೇನ್ರಿ? ಬೀಗರ ಕಡಿಯವ್ರ ಮುಂದ ಎಂಟ ಅಂತಾರ.”

“ಯಾವ ಬೀಗರು? ಬ್ಯಾಗ್ ನೋಡು. ಬ್ಯಾಂಕಿನ ಬ್ಯಾಗದು.”

ಇಬ್ಬರೂ ನನ್ನ ಬ್ಯಾಗು ನೋಡಿದರು. ನಾನೂ ನೋಡಿದೆ. ಸಂಜೆ ಕಾಲೇಜಿಗೆ ಹೋಗುವಾಗಿನಿಂದ ಇರುವ ಕಪ್ಪು ರೆಕ್ಸಿನ್ ಬ್ಯಾಗು. ಯಾರ ಕಡೆಯದು ಎಂದು ಅದರ ಮೇಲೆ ಬರೆದಿರಲಿಲ್ಲ.

ಅಷ್ಟರಲ್ಲಿ ಸಿದ್ದಲಿಂಗೇಶ ಬೈಕಿನಲ್ಲಿ ಬಂದ. ಹೆಗಲ ಮೇಲೆ ವೈರಿನ ಸುರುಳಿ ಇತ್ತು. ಗುರುತು ಹಿಡಿದು, “ಅಯ್ಯ, ಆಫೀಸಿನ ಅಕ್ಕಾರು,” ಅಂದ. ಗಂಡ ಹೆಂಡತಿ ಇಬ್ಬರ ಮುಖವೂ ಒಟ್ಟಿಗೇ ಇಳಿಯಿತು.

“ನೀನ ಹೇಳಪಾ,” ಅಂದೆ. “ತಿಂಗಳಿಗೆ ಎಷ್ಟು ಬರತೈತಿ?”

“ಯಾವ ತಿಂಗಳಿಗ್ರಿ?”

“ಯಾವುದರ ಒಂದು.”

ಅವನು ನಿಜವಾಗಿಯೂ ಯೋಚಿಸಿದ. “ಹಂಗಾಮಿನ್ಯಾಗ ಒಣದ್ರಾಕ್ಷಿ ಶೆಡ್ಡಿನವ್ರು ಊಟಕ್ಕ ಬಿಡಾಂಗಿಲ್ರಿ. ಫ್ಯಾನ್ ಹಚ್ಚು, ಮೋಟರ್ ನೋಡು. ಆವಾಗ ಅವ್ವ ಹೇಳೂದ ಖರೇ ಆದ್ರೂ ಆಗಬಹುದು. ಈಗ ಖಾಲಿ, ಅಪ್ಪ ಹೇಳೂದ ಖರೇ. ಒಬ್ಬ ರೊಕ್ಕ ಕೊಡ್ತಾನ, ಒಬ್ಬ ಡಬ್ಬಿ ತುಂಬಿ ಒಣದ್ರಾಕ್ಷಿ ಕೊಡ್ತಾನ, ಒಬ್ಬ ಮುಂದಿನ ಸಲ ಅಂತಾನ. ಹಿಡದ ಲೆಕ್ಕಾ ಹಾಕಿಲ್ರಿ ನಾ. ನನಗ ಗೊತ್ತಿದ್ರ ಹೇಳ್ತಿದ್ದೆ.”

“ಕಾಲೇಜಿನ ಸಾಲ?”

“ಅದು ತೀರಿತ್ರಿ.”

“ಎಲ್ಲಿ ತೀರೇತಿ?” ಶಿವಯೋಗೆಪ್ಪ ಈಗ ಪೂರ್ತಿ ಈ ಕಡೆ ತಿರುಗಿದರು. “ಅದನ್ನ ತೀರಸಾಕ ನಾ ಸೊಸೈಟ್ಯಾಗ ಸಾಲ ಎತ್ತೀನಿ.”

“ಅದು ಬೈಕಿಂದಪಾ.”

“ಬೈಕ್ ಯಾಕ ತಗೊಂಡಿ? ಕೆಲಸಕ್ಕ ಹೋಗಾಕ. ಕೆಲಸ ಯಾತರದು? ಕಾಲೇಜಿಂದು. ಅಂದಮ್ಯಾಲ ಅದು ಕಾಲೇಜಿನ ಸಾಲ ಆತಿಲ್ಲ?”

ಸಿದ್ದಲಿಂಗೇಶ ನನ್ನನ್ನು ನೋಡಿದ, ನಾನು ಹೇಳಲಿ ಎಂಬಂತೆ. ಸಂಜೆ ಕ್ಲಾಸಿನಲ್ಲಿ ಬಿ.ಕಾಂ. ಮಾಡಿದವಳು ನಾನು. ಯಾವ ಸಾಲ ಯಾವ ಲೆಕ್ಕಕ್ಕೆ ಹೋಗಬೇಕು ಎಂಬುದು ನನಗೆ ಗೊತ್ತಿರಬೇಕು. ಶಿವಯೋಗೆಪ್ಪನ ಮಾತು ಸರಿ ಅನ್ನಿಸಿತು. ಹುಡುಗನದೂ ಸರಿ ಅನ್ನಿಸಿತು.

ಬಸ್ಸಿನ ತನಕ ಲಕ್ಕವ್ವ ಕಳಿಸಲು ಬಂದಳು. ದಾರಿಯಲ್ಲಿ ದನಿ ತಗ್ಗಿಸಿ, “ನೀವು ಖರೇನ ಕಾಲೇಜಿನವ್ರೇನ್ರಿ?” ಅಂದಳು.

“ಖರೇನ್ರಿ.”

“ಹಂಗಾರ ಇಪ್ಪತ್ತೆಂಟ ಹಂಗ ಇರಲಿ ಬಿಡ್ರಿ. ಊರಾಗೆಲ್ಲಾ ಅದನ್ನ ಹೇಳೀನಿ. ಮದವಿ ಒಂದ ಆಗಿಬಿಡ್ಲಿ, ಆಮ್ಯಾಲ ಬೇಕಾದಷ್ಟು ಇಳಸ್ರಿ.”

ಕಿಟಕಿಯ ಪಕ್ಕ ಕೂತು ವಿಜಯಪುರದತ್ತ ಬರುವಾಗ ಒಂದೊಂದೇ ತಿಳಿಯತೊಡಗಿತು. ಮಾರ್ಚ್‌ನಲ್ಲಿ ನಾನು ಫೋನ್ ಮಾಡಿದ್ದೆಲ್ಲ ಆಫೀಸಿನ ಹೊತ್ತಿನಲ್ಲಿ. ಆಗ ಗಂಡಸರು ಹೊರಗೆ, ಮನೆಯಲ್ಲಿ ತಾಯಂದಿರು. ಗುರುತಿಲ್ಲದ ಹೆಣ್ಣುದನಿಯೊಂದು ‘ನಿಮ್ಮ ಮಗನ ದುಡಿಮೆ ಎಷ್ಟು’ ಎಂದು ಕೇಳಿದರೆ ನಮ್ಮ ಕಡೆ ಯಾವ ತಾಯಿಯಾದರೂ ಏನೆಂದುಕೊಳ್ಳುತ್ತಾಳೆ? ಕನ್ಯಾ ಇದ್ದವರು ವಿಚಾರಿಸುತ್ತಿದ್ದಾರೆ ಎಂದೇ. ಆಗಲೇ ಕೆಲವರು ಹೊಲ ಎಷ್ಟು, ಮನೆ ಸ್ವಂತದ್ದೋ ಎಂದು ಕೇಳದೆಯೇ ಹೇಳಿದ್ದರು. ಒಳ್ಳೆಯ ಜನ, ಮಾತು ಹೆಚ್ಚು ಅಂದುಕೊಂಡು ಬಿಟ್ಟಿದ್ದೆ. ಹಾಗಾದರೆ ಹದಿನೆಂಟು ಸಾವಿರ ಎನ್ನುವುದು ತಾಯಂದಿರ ಲೆಕ್ಕ. ತಂದೆಯರು ಎತ್ತಿದ್ದರೆ ಬ್ಯಾಂಕಿನವರೆಂದು ಹೆದರಿ ಎಂಟೋ ಒಂಬತ್ತೋ ಹೇಳುತ್ತಿದ್ದರು. ಎರಡರ ನಡುವಿನದು ಸರಿಯೇ? ಯಾರೂ ಹೇಳದ ಸಂಖ್ಯೆ ಸರಿ ಹೇಗಾದೀತು?

ಆಫೀಸಿಗೆ ಹೋಗಿ ನಂದಕಿಶೋರ ಸರ್ ಮುಂದೆ ಎಲ್ಲ ಹೇಳಿದೆ. ಅವರು ನಕ್ಕರು, ಆಮೇಲೆ ನಗು ನಿಲ್ಲಿಸಿದರು.

“ನಾ ಏನರ ಸುಳ್ಳ ಹಾಕೀನೇನ್ ಶರ್ವರಿ? ನೀ ಕೊಟ್ಟಿ, ನಾ ಹಾಕಿಸಿದೆ.”

“ತಪ್ಪಿರಬಹುದು ಅನಸಾಕತ್ತೈತ್ರಿ ಸರ್.”

“ಅನಸೂದಲ್ಲ. ತಪ್ಪೋ, ಸರಿಯೋ?”

“ಗೊತ್ತಿಲ್ರಿ.”

“ಸರಿ ನಂಬರ್ ಎಷ್ಟು? ಅದನ್ನ ಹೇಳು. ನಾಳೆನ ಇದನ್ನ ಇಳಿಸಿ ಅದನ್ನ ಹಚ್ಚಸ್ತೀನಿ.”

ಅವರು ಮನಸ್ಸಿಟ್ಟೇ ಹೇಳಿದರು. ಆದರೆ ನನ್ನ ಹತ್ತಿರ ಕೊಡಲು ಏನೂ ಇರಲಿಲ್ಲ. “ಸೀಟು ಇನ್ನೂ ತುಂಬಿಲ್ಲ,” ಅಂದರು ಸರ್. ಬೆದರಿಕೆಯ ದನಿ ಅದಲ್ಲ, ದಣಿವಿನದು. “ತುಂಬಲಿಲ್ಲ ಅಂದ್ರ ನನ್ನ ಪಗಾರ ಎಷ್ಟು ಅಂತ ನಮ್ಮವ್ವಗ ಫೋನ್ ಮಾಡಿ ಕೇಳಬೇಕಾಗ್ತದ.”

ಭಾನುವಾರ ಮುಂಜಾನೆ ಬಬಲೇಶ್ವರಕ್ಕೆ ಹೋದೆ. ಫೋನಿನಲ್ಲಿ ಹೇಳಿ ಮುಗಿಸಬಹುದಿತ್ತು. ಆದರೆ ಫೋನಿನ ಮೇಲೆ ನನಗೆ ನಂಬಿಕೆ ಹೋಗಿತ್ತು. ಗುರುಬಸವ್ವ ರೊಟ್ಟಿ ಬಡಿಯುತ್ತಿದ್ದಳು, ನಂದಾ ಹಂಚಿನ ಮುಂದೆ. ನಾನು ಮಣೆಯ ಮೇಲೆ ಕೂತು ಮಾರ್ಚ್‌ನಿಂದ ನಿನ್ನೆಯ ತನಕದ್ದನ್ನು ಬಿಡದೆ ಹೇಳಿದೆ. ಹದಿನೆಂಟು ಹೇಗೆ ಬಂತು, ಅದನ್ನು ಯಾಕೆ ನಂಬಬಾರದು, ಎಂಟನ್ನೂ ಯಾಕೆ ನಂಬಬಾರದು, ಎಲ್ಲ. ಕೊನೆಗೆ, “ಖರೇ ಎಷ್ಟು ದುಡೀತಾರ, ಸಾಲ ತೀರತೈತೋ ಇಲ್ಲೋ, ನನಗ ಗೊತ್ತಿಲ್ರಿ ಗುರುಬಸವ್ವ,” ಅಂದೆ.

ಅವಳ ಕೈ ನಿಂತಿತು. ಹಿಟ್ಟಿನ ಪರಾತದ ಮೇಲೆ ಬಟ್ಟೆ ಎಳೆದಳು.

“ತಿಳೀತು ತಂಗಿ. ಇಷ್ಟ ದೂರ ಬಂದು ಹೇಳಿದ್ಯಲ್ಲ, ಉಪಕಾರ ಆತು. ನಂದಾ, ಇನ್ನ ಆ ಮಾತ ತಗೀಬ್ಯಾಡ.”

“ಏನ್ ತಿಳೀತ್ರಿ?” ನನಗೇ ಏನೂ ತಿಳಿದಿರಲಿಲ್ಲ.

“ಬ್ಯಾಡ ಅಂತ ನೀ ಬಾಯಿ ಬಿಟ್ಟು ಹೇಳಾಕ ಬರಾಂಗಿಲ್ಲ. ಅಲ್ಲೇ ನಿನ್ನ ಅನ್ನ ಐತಿ.”

ಆಗ ಅರ್ಥವಾಯಿತು. ಹುಡುಗನ ಬಗ್ಗೆ ವಿಚಾರಿಸಲು ಬಂದವರಿಗೆ ಅಕ್ಕಪಕ್ಕದವರು ‘ನಮಗೇನು ಅಷ್ಟು ಗೊತ್ತಿಲ್ಲ’ ಅಂದರೆ ಸಾಕು, ಬಂದವರು ನೀರು ಕುಡಿದು ಎದ್ದು ಹೋಗುತ್ತಾರೆ. ಗೊತ್ತಿದ್ದೂ ಹೇಳಲಾಗದ್ದು ಏನೋ ಇದೆ ಎಂದು ಲೆಕ್ಕ. ನಾನು ಎರಡು ದಿನ ತಿರುಗಾಡಿ ತಂದ ನಿಜ ಇಲ್ಲಿ ಒಂದು ಮರ್ಯಾದೆಯ ‘ಬೇಡ’ ಆಗಿ ಕೂತಿತ್ತು.

“ಹಂಗಲ್ರಿ. ಗೊತ್ತಿಲ್ಲ ಅಂದ್ರ ಖರೇನ ಗೊತ್ತಿಲ್ಲ.”

“ಹೂಂ, ಹೂಂ,” ಅಂದಳು, ಸಣ್ಣ ಮಗುವಿಗೆ ಅನ್ನುವಂತೆ.

ನಂದಾ ಹಂಚಿನ ಮೇಲಿನ ರೊಟ್ಟಿ ಕರಿದಾಗುತ್ತಿದ್ದರೂ ನನ್ನ ಕಡೆಯೇ ನೋಡುತ್ತಿದ್ದಳು. “ಅಕ್ಕಾರ, ಹುಡುಗರದ ಆತು. ಹುಡುಗ್ಯಾರು ಎಷ್ಟ ದುಡೀತಾರ?”

ಆ ಬ್ಯಾಚಿನಲ್ಲಿ ನಾಲ್ಕು ಹುಡುಗಿಯರಿದ್ದರು. ನಾಲ್ವರ ತಾಯಂದಿರೂ ಒಂದೇ ಮಾತು ಹೇಳಿದ್ದರು: ನಮ್ಮ ಹುಡುಗಿ ಮನೆಯಲ್ಲೇ ಇದ್ದಾಳೆ, ಎಲ್ಲೂ ಹೋಗುವುದಿಲ್ಲ. ಕೆಲಸ ಇಲ್ಲ ಎಂದು ಬರೆದೆ. ಕೆಲಸ ಇಲ್ಲದವರು ಸರಾಸರಿಯಲ್ಲಿ ಬರುವುದಿಲ್ಲ ಎಂದು ಸರ್ ಬಿಟ್ಟರು, ನಾನೂ ಬಿಟ್ಟೆ. ಕನ್ಯೆಯ ಕಡೆಯವರೆಂದು ತಿಳಿದು ತಾಯಂದಿರು ಗಂಡುಮಕ್ಕಳ ದುಡಿಮೆ ಏರಿಸಿದಂತೆಯೇ, ವರನ ಕಡೆಯವರೆಂದು ಹೆದರಿ ಹೆಣ್ಣುಮಕ್ಕಳ ದುಡಿಮೆಯನ್ನು ಮುಚ್ಚಿಟ್ಟಿರಬಹುದಲ್ಲವೇ? ಕಂಬ ಹತ್ತುತ್ತಾಳೆ, ಗಂಡಸರ ನಡುವೆ ಕೆಲಸ ಮಾಡುತ್ತಾಳೆ ಎಂದು ಯಾವ ತಾಯಿ ಹೇಳಿಯಾಳು? ಅಥವಾ ನಿಜವಾಗಿಯೂ ಮನೆಯಲ್ಲೇ ಇದ್ದಾರೆಯೋ. ನಂದಾ ಹುಡುಗಿ. ಅವಳಿಗೆ ಬೇಕಾದದ್ದೇ ನನ್ನ ಹತ್ತಿರ ಇರಲಿಲ್ಲ.

ಹಾಗೆಯೇ ಹೇಳಿದೆ. ಗುರುಬಸವ್ವ ಹಿಟ್ಟಿನ ಕೈ ಒರೆಸಿಕೊಂಡು, “ಒಬ್ಬಾಕಿ ನಂಬರ್ ಹಚ್ಚಿ ಕೊಡು. ನಾ ಮಾತಾಡ್ತೀನಿ,” ಅಂದಳು.

ವಿಜಯಲಕ್ಷ್ಮೀ ಎಂಬ ಹುಡುಗಿಯ ಮನೆಗೆ ಹಚ್ಚಿದೆ. ಭೂತನಾಳದ ಕಡೆಯವರು. ತಾಯಿ ಎತ್ತಿದಳು.

“ಅಕ್ಕಾರ, ನಾ ಬಬಲೇಶ್ವರದ ರೊಟ್ಟಿ ಗುರುಬಸವ್ವ. ಮದಲ ಒಂದ ಹೇಳಿಬಿಡ್ತೀನಿ, ನನಗ ಗಂಡಮಗ ಇಲ್ಲ. ಬೀಗತನಕ್ಕ ಮಾಡಿಲ್ಲ. ಬ್ಯಾಂಕಿನಾಕಿನೂ ಅಲ್ಲ. ಮಗಳನ್ನ ನಿಮ್ಮ ಮಗಳು ಕಲ್ತಲ್ಲೇ ಹಾಕಬೇಕಂತೀನಿ. ಹೊಟ್ಟ್ಯಾಗಿಂದು ಹೇಳ್ರಿ.”

ಆಮೇಲೆ ಅವಳು ಫೋನ್ ಹಿಡಿದು ಹಿತ್ತಿಲಿಗೆ ಹೋದಳು. ನಂದಾ ಮತ್ತು ನಾನು ಒಲೆಯ ಮುಂದೆ ಕೂತೆವು. ಹೊರಗಿಂದ ‘ಹೌದ್ರಿ’, ‘ಅಯ್ಯ’, ‘ಖರೇ ಅಂತೀರಿ’ ಮಾತ್ರ ಕೇಳುತ್ತಿತ್ತು. ಗುರುಬಸವ್ವ ತಿರುಗಿ ಬಂದಾಗ ಅವಳ ಮುಖ ನೋಡಿ ನನಗೆ ಏನೂ ತಿಳಿಯಲಿಲ್ಲ.

“ಹುಡುಗಿ ದುಡೀತಾಳ. ಗಾಂಧಿ ಚೌಕದ ಹಿಂದ ಮೋಟರ್ ವೈಂಡಿಂಗ್ ಅಂಗಡ್ಯಾಗ. ಹತ್ತ ಸಾವಿರ, ಒಮ್ಮೊಮ್ಮೆ ಹನ್ನೆರಡು. ಊರಾಗ ಹೊಲಿಗಿ ಕ್ಲಾಸಿಗೆ ಹೋಗ್ತಾಳ ಅಂತ ಹೇಳ್ಯಾರಂತ. ಸಾಲ ಅರ್ಧಾ ತೀರಸ್ಯಾಳ. ಇನ್ನ ಅರ್ಧಾ ಐತಿ.”

“ನಮಗ ಏನ್ ಮಾಡು ಅಂದ್ರು ಬೇ?”

“ಒಮ್ಮೆ ಹಾಕು ಅಂದ್ಳು. ಫೋನ್ ಇಡಾಕ ಹೋದ್ರ, ಬ್ಯಾಡ ಅಂದ್ಳು. ಆಮ್ಯಾಲ ಅತ್ತಳು. ಯಾಕ ಅತ್ತಳೋ ತಿಳಿಲಿಲ್ಲ.”

ಮಧ್ಯಾಹ್ನ ಸಂಘ ಪರಸವ್ವನ ಅಂಗಳದಲ್ಲಿ ಕೂಡಿತು. ಗುರುಬಸವ್ವ ನನ್ನನ್ನೂ ಕರೆದುಕೊಂಡು ಹೋದಳು. ಬೇಡ ಅನ್ನಲು ನನಗೆ ಕಾರಣ ಸಿಗಲಿಲ್ಲ. ಒಬ್ಬಳು ಸಾಲ ತೆಗೆದರೆ ಉಳಿದವರೆಲ್ಲ ಜಾಮೀನು. ಒಬ್ಬಳ ಕಂತು ತಪ್ಪಿದರೆ ಉಳಿದವರು ತುಂಬಬೇಕು. ಹಾಗಾಗಿ ಅಲ್ಲಿ ಕೂತ ಎಲ್ಲರಿಗೂ ಗುರುಬಸವ್ವ ಏನು ಹೇಳುತ್ತಾಳೆ ಎಂಬುದು ಬೇಕಿತ್ತು.

“ಪಾಳಿ ನಿಂದು. ಮಷಿನ್ನೋ, ಮಗಳೋ?” ಸಂಘದ ಮುಖ್ಯಸ್ಥೆ ಪರಸವ್ವ ಕೇಳಿದಳು.

ಗುರುಬಸವ್ವ ನನ್ನನ್ನು ನೋಡಿದಳು. ಪಕ್ಕದಲ್ಲಿದ್ದ ಬೀಬಿಜಾನ, ಮುಂದಿನ ಪಾಳಿ ಅವಳದು, “ಕಾಲೇಜಿನಾಕಿನ ಕುಂತಾಳಲ್ಲ. ಆಕಿನ್ನ ಕೇಳ್ರಿ,” ಅಂದಳು. ಎಲ್ಲರೂ ನನ್ನ ಕಡೆ ತಿರುಗಿದರು.

ಗೊತ್ತಿಲ್ಲ ಅನ್ನುವುದು ನಿಜ. ಆದರೆ ಆ ಅಂಗಳದಲ್ಲಿ ನಾನು ಗೊತ್ತಿಲ್ಲ ಅಂದ ಕೂಡಲೇ ಅದು ಬೇಡ ಆಗುತ್ತಿತ್ತು, ಮಷಿನ್ ಬರುತ್ತಿತ್ತು. ನಂದಾ ಅಂಗಳದ ಬಾಗಿಲಲ್ಲಿ ನಿಂತಿದ್ದಳು. ಅವಳು ನನ್ನನ್ನು ಬೇಡುವಂತೆ ನೋಡಿದ್ದರೆ ಹೌದೋ ಅಲ್ಲವೋ ಹೇಳುವುದು ಸುಲಭವಾಗುತ್ತಿತ್ತೇನೋ. ಅವಳು ಪರಸವ್ವನ ಮನೆಯ ಮೀಟರ್ ಬೋರ್ಡನ್ನು ನೋಡುತ್ತಿದ್ದಳು.

“ಹಾಕ್ರಿ,” ಅಂದೆ. ನನ್ನ ದನಿ ನನಗೇ ಬೇರೆಯಾಗಿ ಕೇಳಿಸಿತು. “ಆದ್ರ ಹದಿನೆಂಟ ಅಂತ ತಿಳೀಬ್ಯಾಡ್ರಿ. ಹತ್ತ ಅಂತ ಹಿಡೀರಿ. ಎರಡ ವರ್ಷ ಕಲಿಯಾಕ. ಅದಾದಮ್ಯಾಲ ಸಾಲ ತೀರಾಕ ಇನ್ನೂ ಎರಡ ವರ್ಷರ ಬೇಕು. ಕೆಲಸ ಸಿಗೂದು ತಡಾ ಆದ್ರ ಇನ್ನೂ ಹೆಚ್ಚು. ಅಲ್ಲಿತನಕ ಕಂತು ರೊಟ್ಟಿ ಮ್ಯಾಲನ ಹೋಗಬೇಕು.”

“ಇಷ್ಟೆಲ್ಲಾ ಹೇಳಿ ಹಾಕು ಅಂತಿಯಲ್ಲವ್ವಾ,” ಪರಸವ್ವ ಅಂದಳು. “ಯಾಕ ಹಾಕಬೇಕು?”

ಅದಕ್ಕೆ ಉತ್ತರ ಹುಡುಕಿದೆ. ಹತ್ತು ಸಾವಿರ, ಅರ್ಧ ಸಾಲ, ಹೊಲಿಗೆ ಕ್ಲಾಸು, ಫೋನಿನಲ್ಲಿ ಅತ್ತ ತಾಯಿ. ಯಾವುದೂ ಕಾರಣವಾಗಿ ನಿಲ್ಲಲಿಲ್ಲ. “ಆಕಿಗೆ ಬೇಕಾಗೈತಿ,” ಅಂದೆ. ಇಷ್ಟು ದಿನ ನಾನು ಕೇಳದೇ ಬಿಟ್ಟದ್ದು ಅದೊಂದನ್ನೇ ಇರಬಹುದು ಅನ್ನಿಸಿತು. ಆದರೆ ಅದು ಸಾಲ ಕೊಡುವವರಿಗೆ ಕಾರಣವಾಗುತ್ತದೆಯೇ?

ಬೀಬಿಜಾನ ಬಾಯಿಗೆ ಸೆರಗು ಹಿಡಿದು ನಕ್ಕಳು. “ನನಗೂ ಬಾಳ ಬೇಕಾಗ್ಯಾವವ್ವ, ಯಾರೂ ಕೇಳಾಂಗಿಲ್ಲ. ಈಕಿದು ತೀರೂತನಕ ನನ್ನ ಪಾಳಿ ಹೋತು ಅಂತ ತಿಳಕೋತೀನಿ.”

“ನಿನ್ನ ಮಿಕ್ಸರ್ ನಂದಾ ರಿಪೇರಿ ಮಾಡಿ ಕೊಡ್ತಾಳ ತಗೋ,” ಗುರುಬಸವ್ವ ಅಂದಳು.

“ಪುಕ್ಕಟ ಏನು?”

“ಪುಕ್ಕಟ ಮಾಡಿದ್ರ ಸಾಲ ಯಾರ ತೀರಸ್ತಾರ?”

ನಗೆಯಲ್ಲಿ ಅದು ನಿರ್ಧಾರವಾಗಿಬಿಟ್ಟಿತು. ಒಬ್ಬೊಬ್ಬರೂ ಸಹಿ ಹಾಕಿದರು, ಬರೆಯಲು ಬಾರದವರು ಹೆಬ್ಬೆಟ್ಟು ಒತ್ತಿದರು. ಬೀಬಿಜಾನ ಕೊನೆಗೆ ಒತ್ತಿದಳು. ಗುರುಬಸವ್ವ ಸಂತೋಷಪಟ್ಟಳೋ ಇಲ್ಲವೋ ನನಗೆ ಕಾಣಲಿಲ್ಲ. ಮಷಿನಿನ ಅಂಗಡಿಯವನಿಗೆ ಈಗಲೇ ಬೇಡ ಅಂತ ಹೇಳಬೇಕು ಎಂದಷ್ಟೇ ಅಂದಳು.

ಸೋಮವಾರ ನಂದಾ ಒಬ್ಬಳೇ ಬಂದಳು, ಫೀಸಿನ ಮೊದಲ ಕಂತಿನ ಜೊತೆ. ನಂದಕಿಶೋರ ಸರ್ ಎದ್ದು ನಿಂತು ಸ್ವಾಗತಿಸಿದರು. ಗೋಡೆಯ ಮೇಲಿನ ಫ್ಲೆಕ್ಸ್ ಹಾಗೇ ಇತ್ತು. ಅದನ್ನು ಇಳಿಸಿ ಅಂತ ಮುಂಜಾನೆಯೇ ಮತ್ತೊಮ್ಮೆ ಕೇಳಿದ್ದೆ. ಸರಿ ನಂಬರ್ ತಂದೆಯಾ ಅಂದಿದ್ದರು. ಹತ್ತು ಅಂತ ಹಾಕೋಣವೇ ಅಂದರೆ, ಒಬ್ಬಳದಷ್ಟೇ ಕೇಳಿ ಸರಾಸರಿ ಅನ್ನಲು ಬರುತ್ತದೆಯೇ ಎಂದು ಕೇಳಿದ್ದರು. ಬರುವುದಿಲ್ಲ.

ರಸೀದಿ ಹರಿದು ಕೊಡುವಾಗ ನಂದಾ ಕೇಳಿದಳು. “ಅಕ್ಕಾರ, ಮದ್ಲನೇ ದಿನ ಏನ್ ಕಲಸ್ತಾರ?”

ಈ ಆಫೀಸಿನಲ್ಲಿ ಕೂತು ವರ್ಷಗಳಾದವು. ಪಕ್ಕದ ವರ್ಕ್‌ಶಾಪಿನೊಳಗೆ ಹಾಜರಿ ತರಲು ಬಿಟ್ಟರೆ ಕಾಲಿಟ್ಟವಳಲ್ಲ.

“ಗೊತ್ತಿಲ್ಲ,” ಅಂದೆ. ಅಂದ ಕೂಡಲೇ ಅವಳು ಏನು ತಿಳಿದುಕೊಂಡಳೋ ಎಂದು ಹೆದರಿ, “ಖರೇನ ಗೊತ್ತಿಲ್ಲ ನಂದಾ,” ಅಂದೆ.

“ನೋಡೂಣ ಬರ್ರಿ ಹಂಗಾರ,” ಅಂದು ಅವಳು ಆಗಲೇ ಬಾಗಿಲ ಕಡೆ ನಡೆದಿದ್ದಳು.